ಅಮ್ಮನನ್ನು ಹೊತ್ತವಳು

ಫೆಬ್ರವರಿ ೧೧

ಪಿಟೀಲೂ,

ನಿನ್ನ ಮುಖ ನಿನ್ನೆ ನಿನ್ನ ಭಾವನ ಲಾರಿಯಲ್ಲಿ ಬಂತು. ಸುರುಳಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಖಾಲಿ ಬಾಟಲಿಗಳ ಕ್ರೇಟುಗಳ ಮೇಲೆ ಮಲಗಿಸಿ ಕಳಿಸಿದ್ದರು. ಬಿಚ್ಚಿದರೆ ನೀನು! ಬಾಗಿಲಿನಷ್ಟು ಎತ್ತರ. ಶೆಡ್ಡಿನ ಹೆಂಗಸರೆಲ್ಲ ಕೈಗವಸು ಕಳಚಿ ಎಸೆದು ಓಡಿ ಬಂದರು. ದಪ್ಪಕ್ಕ ನಿನ್ನ ಗಲ್ಲ ಸವರಿ, "ನೋಡ್ರೇ ನಮ್ ಹುಡುಗೀನ, ಎಷ್ಟು ಲಕ್ಷಣವಾಗಿ ಬಡವಿ ಥರ ಕಾಣ್ತಾಳೆ" ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

'ಬಡತನವಿಲ್ಲದ ಜಗತ್ತಿನ ಕಡೆಗೆ' ಎಂದು ನಿನ್ನ ಕಾಲ ಬಳಿ ಬರೆದಿದೆ. ಪಕ್ಕದಲ್ಲಿ ಬಣ್ಣಬಣ್ಣದ ಚೌಕಗಳು. ನೀನು ಹಸಿರು ಬಾಟಲಿಯೊಂದನ್ನು ಬೆಳಕಿಗೆ ಎತ್ತಿ ಹಿಡಿದು ಬಿರುಕು ಹುಡುಕುತ್ತಿದ್ದೀಯ. ನೀನು ಬಿರುಕು ಹುಡುಕಿದ್ದನ್ನು ನಾನಂತೂ ನೋಡಿಲ್ಲ. ನೀನು ಲೇಬಲ್ ಕೆರೆಯುವವಳು, ಅದೂ ಮನಸ್ಸು ಬಂದಾಗ.

ತಪ್ಪು ತಿಳಿಯಬೇಡ. ಈ ಪೋಸ್ಟರು ಮಾಡಿಸಿದ ಸಂಸ್ಥೆಯವರು ಮೊದಲ ಸಲ ಬಂದ ದಿನ ನಾನು ಬಾಟಲಿ ತೊಳೆಯುವ ಸೋಡಾ ತೊಟ್ಟಿಯಲ್ಲಿ ಮೊಣಕೈವರೆಗೆ ಕೈ ಬಿಟ್ಟು ನಿಂತಿದ್ದೆ. "ಯಾರಾದ್ರೂ ಒಬ್ರು ಮಾತಾಡೋರು ಬೇಕಿತ್ತಲ್ಲ" ಅಂದರು. "ನಂಗೆ ಕೈ ಬಿಡುವಿಲ್ಲ, ನೀನ್ ಹೋಗೇ, ನಿಂಗೆ ಬಾಯಿದೆ" ಎಂದು ನಿನ್ನನ್ನು ಅಟ್ಟಿದವಳು ನಾನೇ. ಕಸದ ಬಯಲಿಗೆ ಗೋಡೆ ಕಟ್ಟಿ, ಆಯ್ದು ತಿನ್ನುತ್ತಿದ್ದ ನಮ್ಮನ್ನೆಲ್ಲ ಹೊರಗಟ್ಟಿದಾಗ, ಮುಚ್ಚಿಹೋಗಿದ್ದ ಐಸ್ ಫ್ಯಾಕ್ಟರಿಯ ಮಾಲೀಕರ ಮೆಟ್ಟಿಲ ಮೇಲೆ ಕುಳಿತು ಈ ಶೆಡ್ಡು ಬೇಡಿ ತಂದವಳೂ ನಾನೇ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕೆಸರಾದ ಕೈ ಒಬ್ಬಳದು, ಮೊಸರು ತಿಂದ ಬಾಯಿ ಇನ್ನೊಬ್ಬಳದು. ಇದು ತಮಾಷೆ. ನಗು.

ನಿನ್ನ ಭಾವ ಪೋಸ್ಟರಿನ ಮುಂದೆ ಬಹಳ ಹೊತ್ತು ನಿಂತು, "ನಿಮ್ಮಮ್ಮನ ಮೂಗೇ ಬಂದಿದೆ ಅವಳಿಗೆ" ಅಂದರು. ಆಮೇಲೆ ನನ್ನ ಕಡೆ ತಿರುಗಿ ನೋಡಿ, ಕ್ರೇಟು ಇಳಿಸಲು ಹೋದರು.

ಫೋನು ಮಾಡಬೇಡ. ಶೆಡ್ಡಿಗೆಲ್ಲ ಇರುವುದು ಒಂದು ಫೋನು, ನೀನೆಂದರೆ ಎಲ್ಲರೂ ಕಿವಿ ತಂದು ಅಂಟಿಸುತ್ತಾರೆ. ಪತ್ರ ಬರೆ. ನನಗೊಬ್ಬಳಿಗೆ ಬರಲಿ.

ನಿನ್ನ ಅಕ್ಕ


ಫೆಬ್ರವರಿ ೨೪

ಅಕ್ಕಾ,

ನಗು ಅಂದೆಯಲ್ಲ, ನಕ್ಕಿದ್ದೇನೆ.

ಸಂಸ್ಥೆಯ ಹಾಸ್ಟೆಲಿನಲ್ಲಿ ನನಗೆ ಒಂದಿಡೀ ಕೋಣೆ ಕೊಟ್ಟಿದ್ದಾರೆ. ನಲ್ಲಿ ತಿರುಗಿಸಿದರೆ ಬಿಸಿನೀರು. ಮೊದಲ ದಿನ ಅದರ ಮುಂದೆ ಹುಚ್ಚಿಯ ಹಾಗೆ ಕೈಯೊಡ್ಡಿ ನಿಂತಿದ್ದೆ. ಆಫೀಸು ಪೂರಾ ಗಾಜು. ನೆಲಕ್ಕೆ ಕಾರ್ಪೆಟ್ ಹಾಸಿದ್ದಾರೆ, ನಡೆದರೆ ನಮ್ಮ ಹೆಜ್ಜೆ ನಮಗೇ ಕೇಳಿಸುವುದಿಲ್ಲ. ನನ್ನನ್ನು ನೋಡಿಕೊಳ್ಳುವವರು ಕನ್ನಡಕದ ಮೇಡಂ. ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ತಲೆಯ ಮೇಲೆ. ಆದರೂ ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುತ್ತಿರುತ್ತಾರೆ. ಒಳ್ಳೆಯವರು.

ಆ ಚೌಕಗಳ ಅರ್ಥವನ್ನು ಅವರೇ ಹೇಳಿಕೊಟ್ಟರು. ಜಗತ್ತಿನ ದೇಶಗಳೆಲ್ಲ ಒಟ್ಟಿಗೆ ಕುಳಿತು, ಇಂಥ ಗಡುವಿನೊಳಗೆ ಬಡತನ ಹೋಗಬೇಕು, ಹಸಿವು ಹೋಗಬೇಕು, ನೀರು ಶುದ್ಧವಾಗಬೇಕು, ಭೂಮಿ ಮುಂದಿನವರಿಗೂ ಉಳಿಯಬೇಕು ಎಂದು ಒಪ್ಪಿಕೊಂಡಿವೆಯಂತೆ. ಒಟ್ಟು ಹದಿನೇಳು ಗುರಿ. "ಇದ್ರಲ್ಲಿ ನಾವು ಯಾವ ಚೌಕ ಮೇಡಂ?" ಎಂದು ಕೇಳಿದೆ. "ನೀವು ಮೊದಲನೇದ್ರಲ್ಲೂ ಇದೀರಿ, ನೀರಿನಲ್ಲೂ ಇದೀರಿ, ಕೆಲಸದಲ್ಲೂ ಇದೀರಿ, ಕಸದಲ್ಲೂ ಇದೀರಿ" ಅಂದರು. ಒಂದೇ ಮನೆಯವರು ಇಷ್ಟು ಜಾಗ ಹಿಡಿದರೆ ಉಳಿದವರು ಎಲ್ಲಿಗೆ ಹೋಗಬೇಕು ಎಂದೆ. ಬಹಳ ನಕ್ಕರು.

ಜೂನ್ ತಿಂಗಳಲ್ಲಿ ದೊಡ್ಡ ಸಭೆ. ಬೇರೆ ಬೇರೆ ದೇಶದವರು ಬಂದು ಯಾರು ಎಷ್ಟು ದೂರ ನಡೆದಿದ್ದೇವೆ ಎಂದು ಒಪ್ಪಿಸುತ್ತಾರೆ. ಅಲ್ಲಿ ನಾನು ಮಾತಾಡಬೇಕು. ಅದು ಚೆನ್ನಾಗಿ ನಡೆದರೆ ನಮ್ಮ ಶೆಡ್ಡಿನ ಸೋಡಾ ನೀರು ಸೋಸುವ ಫಿಲ್ಟರು ಖಂಡಿತ ಅಂದಿದ್ದಾರೆ. ಅದಕ್ಕೆಂದು ಹೊಸ ಬಟ್ಟೆ ಕೊಂಡಿದ್ದೆ. ಮೇಡಂ ನೋಡಿ, "ಚೆನ್ನಾಗಿದೆ, ಆದ್ರೆ ಸ್ಟೇಜಿನ ಮೇಲೆ ಹಳೇದೇ ಇರ್ಲಿ" ಅಂದರು.

ನೀನೂ ಜೊತೆಗೆ ಬರಬೇಕಿತ್ತು ಎಂದು ದಿನವೂ ಅನ್ನಿಸುತ್ತದೆ.

ನಿನ್ನ ಪಿಟೀಲು


ಮಾರ್ಚ್ ೮

ಪಿಟೀಲೂ,

ದಿನವೂ ಅನ್ನಿಸುತ್ತದೆಯೋ, ಪತ್ರ ಬರೆಯುವ ದಿನ ಮಾತ್ರವೋ?

ಇಲ್ಲಿ ನಗರಸಭೆಯಿಂದ ನೋಟೀಸು ಬಂದಿದೆ. ನಮ್ಮ ಸೋಡಾ ನೀರು ಚರಂಡಿಗೆ ಹರಿದು ಕೆಳಗಿನ ಬೀದಿಯವರ ಕೈತೋಟವೆಲ್ಲ ಸುಟ್ಟು ಹೋಯಿತಂತೆ. ನೀರು ಸೋಸಿ ಬಿಡಬೇಕು, ಇಲ್ಲದಿದ್ದರೆ ಶೆಡ್ಡಿಗೆ ಬೀಗ. ದೂರು ಕೊಟ್ಟವರದು ತಪ್ಪಲ್ಲ, ಅವರ ಗಿಡ ನಾನೇ ಹೋಗಿ ನೋಡಿದೆ. ಆದರೆ ಬೀಗ ಬಿದ್ದರೆ ಇಷ್ಟು ಹೆಂಗಸರು ಎಲ್ಲಿಗೆ ಹೋಗಬೇಕು? ಕಸದ ಬಯಲಿಗೆ ಆಗಲೇ ಗೋಡೆ ಎದ್ದಿದೆ.

"ಪಿಟೀಲು ಇದ್ದಿದ್ರೆ ಒಂದೇ ಮಾತಲ್ಲಿ ಬಗೆಹರಿಸ್ತಿದ್ಲು" ಅಂದಳು ದಪ್ಪಕ್ಕ. ಮೈಯೆಲ್ಲ ಉರಿಯಿತು. ನಾನೇ ನಗರಸಭೆಗೆ ಹೋದೆ. ಹೇಳಬೇಕಾದ ಮಾತನ್ನೆಲ್ಲ ದಾರಿಯಲ್ಲಿ ಜೋಡಿಸಿಕೊಂಡಿದ್ದೆ. ಇಂಜಿನಿಯರು ತಲೆ ಎತ್ತಿದವರೇ, "ಓ, ನೀವು ಆ ಪೋಸ್ಟರ್ ಹುಡುಗಿ ಅಕ್ಕ ಅಲ್ವಾ? ಕೂತ್ಕೊಳ್ಳಿ ಕೂತ್ಕೊಳ್ಳಿ" ಅಂದರು. ಜೋಡಿಸಿಕೊಂಡು ಹೋದ ಮಾತು ಒಂದೂ ಬೇಕಾಗಲಿಲ್ಲ. ಜೂನ್ ಕೊನೆಯವರೆಗೆ ಗಡುವು ಕೊಟ್ಟರು. ಸಂತೋಷಪಡಬೇಕಿತ್ತು. ಪಡಲಿಲ್ಲ.

ನಿನ್ನ ಪೋಸ್ಟರು ಈಗ ಆಸ್ಪತ್ರೆಯಲ್ಲಿದೆ, ಬಸ್ ನಿಲ್ದಾಣದಲ್ಲಿದೆ, ಶಾಲೆಯ ಕಾಂಪೌಂಡಿನ ಮೇಲಿದೆ. ನಿಲ್ದಾಣದಲ್ಲಿ ನಿನ್ನ ಕೆಳಗೇ ನಿಂತು ಬಸ್ಸು ಕಾಯಬೇಕು. ಮೊನ್ನೆ ಒಬ್ಬಳು ನನ್ನನ್ನೂ ನಿನ್ನನ್ನೂ ಎರಡು ಮೂರು ಸಲ ನೋಡಿ, "ಮಗಳಾ?" ಎಂದು ಕೇಳಿದಳು.

ಮಗಳಾ! ನಮ್ಮಿಬ್ಬರಿಗೆ ಏಳೇ ವರ್ಷದ ಅಂತರ. ಮನೆಗೆ ಬಂದು ಕನ್ನಡಿ ನೋಡಿಕೊಂಡೆ. ನಿನ್ನ ಭಾವ ಹಿಂದಿನಿಂದ, "ಸೋಡಾ ನೀರಲ್ಲಿ ಕೈ ಇಡ್ತೀಯೋ ಮುಖ ಇಡ್ತೀಯೋ?" ಅಂದರು. ಆ ದಿನ ಅವರಿಗೆ ಚಹಾ ಕೊಡಲಿಲ್ಲ.

ಅಕ್ಕ


ಮಾರ್ಚ್ ೨೭

ಅಕ್ಕಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ನನ್ನ ಮೇಲೆ ಸಣ್ಣ ಫಿಲ್ಮು ತೆಗೆಯುತ್ತಿದ್ದಾರೆ, ಜೂನ್ ಸಭೆಗೆ. ಬೆಳಗ್ಗೆ ಕೂರಿಸಿದರೆ ಸಂಜೆಯವರೆಗೆ ಬಿಡುವುದಿಲ್ಲ. ಮೊನ್ನೆ ಕಾಲೇಜೊಂದರಲ್ಲಿ ಭಾಷಣವೂ ಆಯಿತು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅಮ್ಮನ ಫೋಟೋ ಬೇಕಂತೆ. ಗೋಡೆಯ ಮೇಲಿರುವುದನ್ನು ಬಿಚ್ಚಿ ಭಾವನ ಕೈಲಿ ಕಳಿಸುತ್ತೀಯಾ? ಜೋಪಾನವಾಗಿ ವಾಪಸು ತರುತ್ತೇನೆ.

ಪಿಟೀಲು


ಏಪ್ರಿಲ್ ೧೨

ಫೋಟೋ ಕಳಿಸುವುದಿಲ್ಲ.

ನಿನ್ನ ಕಾಲೇಜಿನ ಭಾಷಣ ಯಾರೋ ಫೋನಿಗೆ ಹಾಕಿದ್ದಾರೆ. ದಪ್ಪಕ್ಕ ಅದನ್ನು ಕ್ರೇಟಿಗೆ ಒರಗಿಸಿಟ್ಟು, ನಮ್ಮನ್ನೆಲ್ಲ ಕೆಲಸ ಬಿಡಿಸಿ ಕೂರಿಸಿದಳು. ನೀನು ಮೈಕಿನ ಮುಂದೆ ಬಂದೆ. "ನನಗಾಗ ಹನ್ನೊಂದು ವರ್ಷ" ಅಂದೆ. "ರಸ್ತೆ ಅಗೆದು ಹಾಕಿದ್ರು, ಗಾಡಿ ಬರೋ ಹಾಗಿರ್ಲಿಲ್ಲ. ಅಮ್ಮನ್ನ ಬೆನ್ನ ಮೇಲೆ ಹೊತ್ಕೊಂಡು ಕಸದ ಬಯಲು ದಾಟಿ ಆಸ್ಪತ್ರೆಗೆ ನಡೆದೆ" ಅಂದೆ. ನಾನು ಎದ್ದು ಫೋನು ಕಿತ್ತುಕೊಂಡು ಆರಿಸಿಬಿಟ್ಟೆ. ಮುಂದೆ ಏನು ಹೇಳಿದೆಯೋ ನನಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಹೆಂಗಸರೆಲ್ಲ ಎದ್ದು ತೊಟ್ಟಿಯ ಕಡೆ ನಡೆದರು. ಅವರಲ್ಲಿ ಅರ್ಧದಷ್ಟು ಜನ ಆ ದಿನ ನನ್ನನ್ನು ಕಣ್ಣಾರೆ ನೋಡಿದವರು.

ಹೊತ್ತವಳು ಯಾರೇ? ಬಕೆಟ್ ನೀರು ಎತ್ತು ಅಂದರೆ ದಿನವಿಡೀ ಪಿಟೀಲು ಕುಯ್ಯುತ್ತಿದ್ದ ಹನ್ನೊಂದು ವರ್ಷದ ನೀನಾ?

ಪೋಸ್ಟರು ತೆಗೆದುಕೊಂಡೆ, ಸರಿ. ಬಿಸಿನೀರು, ಚಪ್ಪಾಳೆ, ಇಂಜಿನಿಯರಿನ ಎದುರಿನ ಕುರ್ಚಿ, ಎಲ್ಲ ನಿನಗೇ ಇರಲಿ. ಬೇಕಾದರೆ ಈ ಶೆಡ್ಡು ಶುರುಮಾಡಿದವಳೂ ನೀನೇ ಎಂದು ಹೇಳಿಕೋ. ಅದೊಂದನ್ನು ಮಾತ್ರ ಕೊಡುವುದಿಲ್ಲ. ನನ್ನ ಬಳಿ ಬೇರೆ ಏನಿದೆ? ಮಕ್ಕಳಾಗಲಿಲ್ಲ, ಓದಲಿಲ್ಲ, ಅಮ್ಮನ ಮೂಗೂ ಬರಲಿಲ್ಲ. ಅಮ್ಮನ ಭಾರ ಒಂದು ಬಂದಿತ್ತು. ಅದು ನನ್ನದು.

ಈ ಪತ್ರಕ್ಕೆ ಸಹಿ ಹಾಕಲು ಮನಸ್ಸಿಲ್ಲ. ಯಾರು ಬರೆದದ್ದು ಎಂದು ನಿನಗೆ ಗೊತ್ತಾಗುತ್ತದೆ.


ಏಪ್ರಿಲ್ ೧೯

ಅಕ್ಕಾ,

ನಿನ್ನ ಪತ್ರ ಓದಿ ಎರಡು ದಿನ ಆಫೀಸಿಗೆ ಹೋಗಲಿಲ್ಲ.

ಹೇಗಾಯಿತು ಹೇಳುತ್ತೇನೆ, ಕೇಳು. ಮೊದಲ ಸಲ ನಾನು 'ಹೊತ್ತುಕೊಂಡು ಹೋದೆವು' ಎಂದೇ ಹೇಳಿದ್ದು. ಪರದೇಶದವರಿಗೆ ಅರ್ಥ ಹೇಳುತ್ತಿದ್ದವರು ಅದನ್ನು 'ಹೋದೆ' ಮಾಡಿಬಿಟ್ಟರು. ಎದುರು ಕುಳಿತಿದ್ದವರ ಕಣ್ಣು ತುಂಬಿತು. ತಿದ್ದಬೇಕಿತ್ತು. ತಿದ್ದಲಿಲ್ಲ. ಎರಡನೆಯ ಸಲ ಯಾರೂ ಬದಲಾಯಿಸಬೇಕಾಗಿರಲಿಲ್ಲ, ನಾನೇ 'ಹೋದೆ' ಅಂದೆ. ನಿಜ ಹೇಳಲಾ? ಹಿತವಾಯಿತು.

ನಿನಗೆ ಪೋಸ್ಟರಿನ ಮೇಲೆ ಹೊಟ್ಟೆಕಿಚ್ಚು ಎಂದು ನನಗೆ ಮೊದಲ ಪತ್ರದಲ್ಲೇ ಗೊತ್ತಾಗಿತ್ತು. ನನ್ನ ಹೊಟ್ಟೆಕಿಚ್ಚು ನಿನಗೆ ಇಷ್ಟು ವರ್ಷವಾದರೂ ಗೊತ್ತಾಗಲಿಲ್ಲ. ನೀನು ಅಮ್ಮನನ್ನು ಬೆನ್ನಿಗೆ ಹಾಕಿಕೊಂಡು ಹೊರಡುವಾಗ ನಾನೂ ಬರುತ್ತೇನೆ ಎಂದು ನಿನ್ನ ಬಟ್ಟೆ ಹಿಡಿದುಕೊಂಡೆ. ನೀನು ನನ್ನ ಕೈ ಕೊಡವಿ, "ಬಾಗ್ಲು ಹಾಕ್ಕೊಂಡಿರು, ಯಾರು ಬಂದ್ರೂ ತೆಗೀಬೇಡ" ಅಂದೆ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅಮ್ಮನ ತಲೆ ನಿನ್ನ ಭುಜದ ಮೇಲಿತ್ತು. ತಿರುವಿನಲ್ಲಿ ಇಬ್ಬರೂ ಒಂದೇ ಆಳಿನ ಹಾಗೆ ಕಂಡಿರಿ. ಅದೇ ನಾನು ಅಮ್ಮನನ್ನು ಕೊನೆಯ ಸಲ ನೋಡಿದ್ದು. ಬರೀ ಬೆನ್ನು.

ಆಮೇಲೆ ಬೀದಿಯವರೆಲ್ಲ ನಿನ್ನನ್ನು ಕಂಡರೆ "ತಾಯೀನ ಹೊತ್ತ ಮಗಳು" ಅನ್ನುತ್ತಿದ್ದರು. ನನ್ನನ್ನು ಕಂಡರೆ "ಪಾಪ, ಚಿಕ್ಕದು." ಚಿಕ್ಕದು ಏನು ಮಾಡಿತು? ಬಾಗಿಲು ಹಾಕಿಕೊಂಡಿತು.

ಇದನ್ನು ಯಾರಿಗೂ ಹೇಳಿಲ್ಲ. ಸಂಜೆ ನೀನು ಬಂದು ಹೊರಗಿನಿಂದ ಕೂಗಿದಾಗ ನಾನು ನಿದ್ದೆ ಮಾಡಿರಲಿಲ್ಲ. ಬಾಗಿಲಿಗೆ ಅಂಟಿಕೊಂಡೇ ನಿಂತಿದ್ದೆ. ನೀನೊಬ್ಬಳೇ ಕೂಗಿದೆ. ಅಮ್ಮನೂ ಬಂದಿದ್ದರೆ ಇಬ್ಬರ ದನಿ ಕೇಳಬೇಕಿತ್ತು. ಅದಕ್ಕೇ ತೆಗೆಯಲಿಲ್ಲ. ತೆಗೆಯದಿದ್ದರೆ ಅದು ನಿಜವಾಗುವುದಿಲ್ಲ ಅಂದುಕೊಂಡಿದ್ದೆ.

ಮೇಡಂಗೆ ನಾನೇ ನಿಜ ಹೇಳುತ್ತೇನೆ. ಆದರೆ ಫಿಲ್ಟರು ಬರಲಿ. ಬೇಗ ಹೇಳಿದರೆ ಶೆಡ್ಡಿಗೆ ಪೆಟ್ಟು ಬಿದ್ದೀತೆಂದು ಹೆದರಿಕೆ. ಅಲ್ಲಿಯವರೆಗೆ ತಾಳಿಕೋ ಅಕ್ಕಾ.

ಪಿಟೀಲು


ಏಪ್ರಿಲ್ ೨೩

ಪಿಟೀಲೂ,

ನಿನ್ನ ಪತ್ರ ಇವತ್ತು ಮಧ್ಯಾಹ್ನ ಬಂತು. ನಿನ್ನೆ ಬರಬಾರದಿತ್ತೇ?

ನಿನ್ನೆ ನಿನ್ನ ಕನ್ನಡಕದ ಮೇಡಂ ಪರದೇಶದವರನ್ನು ಕರೆದುಕೊಂಡು ಶೆಡ್ಡು ತೋರಿಸಲು ಬಂದಿದ್ದರು. ಎಲ್ಲ ಸುಸೂತ್ರವಾಗಿತ್ತು. ತೊಟ್ಟಿ ನೋಡಿದರು, ಬಾಟಲಿ ಜೋಡಿಸುವುದನ್ನು ನೋಡಿದರು. ಹೊರಡುವಾಗ ಒಬ್ಬರು ನನ್ನ ಕೈ ಹಿಡಿದುಕೊಂಡು ಏನೋ ಹೇಳಿದರು. ಮೇಡಂ ನಗುತ್ತ ಅರ್ಥ ಹೇಳಿದರು: "ಅಷ್ಟು ಚಿಕ್ಕ ವಯಸ್ಸಲ್ಲಿ ತಾಯೀನ ಹೊತ್ತಳಲ್ಲ, ಅಂಥ ತಂಗೀನ ಪಡೆಯೋಕೆ ನೀವು ಪುಣ್ಯ ಮಾಡಿರ್ಬೇಕು ಅಂತಿದಾರೆ."

"ಅವಳಲ್ಲ, ನಾನು" ಅಂದೆ.

ನಾಲಿಗೆ ತಾನಾಗಿ ಆಡಿಬಿಟ್ಟಿತು. ದಪ್ಪಕ್ಕ ನನ್ನ ತೋಳು ಚಿವುಟಿದಳು. ಅವಳನ್ನು ತಳ್ಳಿ ಎಲ್ಲ ಹೇಳಿದೆ. ನೀನು ಮನೆಯಲ್ಲಿದ್ದೆ, ಹೊತ್ತವಳು ನಾನು, ಆಸ್ಪತ್ರೆಯ ಗೇಟು ದಾಟುವ ಮೊದಲೇ ಅಮ್ಮ ಹೋಗಿಬಿಟ್ಟಿದ್ದಳು, ಅದೂ ನನಗೆ ಗೊತ್ತಾಗಿರಲಿಲ್ಲ. ಮೇಡಂ ಎರಡೂ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ನಿಂತರು. ನಿನ್ನನ್ನು ಬೈಯುತ್ತಾರೆ, ಫಿಲ್ಟರು ಇಲ್ಲ ಅನ್ನುತ್ತಾರೆ ಎಂದು ನಾನು ಕಾಯುತ್ತಿದ್ದರೆ ಅವರು ಅತ್ತರು. ಅತ್ತು ಮುಗಿದ ಮೇಲೆ, "ಇದು ಇನ್ನೂ ಚೆನ್ನಾಗಿದೆ" ಅಂದರು.

ಇವತ್ತು ಬೆಳಗ್ಗೆ ಫೋನು ಬಂತು. ಜೂನ್ ಸಭೆಗೆ ನಿನ್ನ ಬದಲು ನಾನು ಬರಬೇಕಂತೆ. ನಿನಗೂ ಹೇಳಿದ್ದಾರಂತೆ.

ಹೂಂ ಅಂದುಬಿಟ್ಟೆ. ದಪ್ಪಕ್ಕ ಮುಖಕ್ಕೆ ಹೊಡೆದಂತೆ ಕೇಳಿದಳು, "ಅವರು ಎಲ್ಲಾನೂ ರದ್ದು ಮಾಡಿದ್ದಿದ್ರೆ? ನಿನ್ ಹೊಟ್ಟೆಕಿಚ್ಚಿಗೆ ನಮ್ ಹೊಟ್ಟೆ ಮೇಲೆ ಯಾಕೇ ಹೊಡೆಯೋಕ್ ಹೋದೆ?" ಈಗ ನಿನ್ನ ಪತ್ರ ಓದಿದ್ದೇನೆ. ಓದಿದ ಮೇಲೂ, ನಾನು ಬರುವುದಿಲ್ಲ ಎಂದು ಮೇಡಂಗೆ ಹೇಳಲು ಬಾಯಿ ಬರುತ್ತಿಲ್ಲ. ನನಗೂ ಒಂದು ಸಲ ಬೇಕು ಕಣೇ.

ಬಾಗಿಲಿನ ವಿಷಯ ಈಗ ಬರೆಯಲಾರೆ.

ಅಕ್ಕ


ಮೇ ೧೮

ಪಿಟೀಲೂ,

ನಿನ್ನ ಕೋಣೆಯಲ್ಲೇ ಇದ್ದೇನೆ. ನಿನ್ನ ಮಂಚ, ನಿನ್ನ ಕಿಟಕಿ. ನೀನು ಬಂದಿಳಿದ ಬಸ್ಸಿಗೇ ನಾನು ಹತ್ತಿದೆ. ನಿಲ್ದಾಣದಲ್ಲಿ ನಿನ್ನ ಪೋಸ್ಟರಿನ ಕೆಳಗೆ ನಾವಿಬ್ಬರೂ ನಿಂತಿದ್ದೆವು, ನಿನ್ನ ಭಾವ ನಡುವೆ ನಿಂತು ಆಕಾಶ ನೋಡುತ್ತಿದ್ದರು. ಎಷ್ಟೋ ಹೇಳಬೇಕೆಂದಿದ್ದೆ. ನೀನು ಅಂದದ್ದು, "ಬಿಸಿನೀರಿನ ನಲ್ಲಿ ಎಡಗಡೆಗೆ ತಿರುಗಿಸ್ಬೇಕು." ಅಷ್ಟೇ. ತಿರುಗಿಸಿದೆ. ಬಂತು.

ಇಲ್ಲಿ ನನಗೆ ಮಾತು ಕಲಿಸಲು ಒಬ್ಬರನ್ನು ಇಟ್ಟಿದ್ದಾರೆ. ಮೃದು ಸ್ವಭಾವದ ಮನುಷ್ಯ. "ಬಯಲಿನ ಮಧ್ಯಕ್ಕೆ ಬಂದಾಗ ಒಂದು ಕ್ಷಣ ಮಾತು ನಿಲ್ಸಿ, ಜನ ಅದನ್ನ ಅನುಭವಿಸ್ಲಿ" ಅಂದ. "ಅಲ್ಲಿ ನಿಲ್ಲೋ ಹಾಗಿರ್ಲಿಲ್ಲಪ್ಪ, ನಿಂತಿದ್ರೆ ಮತ್ತೆ ಎತ್ತೋಕೆ ಆಗ್ತಿರ್ಲಿಲ್ಲ" ಅಂದೆ. ಅವನು ತಲೆ ತಗ್ಗಿಸಿ, ಮತ್ತೆ ಮೊದಲಿನಿಂದ ಹೇಳಿ ಅಂದ. ನಾನು ಹೇಳಿದರೆ ಅದು ಆಸ್ಪತ್ರೆಗೆ ದಾರಿ ಹೇಳಿದ ಹಾಗೆ ಕೇಳುತ್ತದೆ. ಇಲ್ಲಿ ಎಡಕ್ಕೆ ತಿರುಗಿದೆ, ಅಲ್ಲಿ ಬಲಕ್ಕೆ. ಯಾರ ಕಣ್ಣೂ ತುಂಬುವುದಿಲ್ಲ. ಮೇಡಂ ಬೇಸರ ತೋರಿಸಿಕೊಳ್ಳದೆ, "ನಿಮ್ಮ ತಂಗಿ ಹೇಳ್ತಿದ್ರೆ..." ಎಂದು ಶುರುಮಾಡಿ ನಿಲ್ಲಿಸಿಬಿಟ್ಟರು.

ನಿಲ್ಲಿಸಿದರೇನು, ನನಗೆ ಕೇಳಿಸಿತು. ನಾನು ಮಾಡಿದ್ದನ್ನು ನನಗಿಂತ ಚೆನ್ನಾಗಿ ನೀನು ಹೇಳುತ್ತೀಯ.

ಉತ್ತರ ಬರೆ.

ಅಕ್ಕ


ಜೂನ್ ೨

ಪಿಟೀಲೂ,

ಬರೆಯಲಿಲ್ಲ ನೀನು.

ನಿನ್ನ ಭಾವನಿಗೆ ಫೋನು ಮಾಡಿ, ಶೆಡ್ಡು ಹೇಗಿದೆ ಎಂದು ಕೇಳಿದೆ. "ಬಹಳ ಚೆನ್ನಾಗಿದೆ" ಅಂದರು. ಅಷ್ಟು ಜೋರಾಗಿ ಹೇಳುವ ಅಗತ್ಯವಿರಲಿಲ್ಲ. ಕುಳಿತು ಕೆಲಸ ಮಾಡಲು ಎಲ್ಲರಿಗೂ ಸ್ಟೂಲು ಮಾಡಿಸಿದ್ದೀಯಂತೆ. ಕೆಳಗಿನ ಬೀದಿಗೆ ಹೋಗಿ, ಕೈತೋಟದವರನ್ನೆಲ್ಲ ಶೆಡ್ಡಿಗೇ ಕರೆತಂದು ಮಾತಾಡಿಸಿದೆಯಂತೆ. ನಗರಸಭೆಯ ಗಡುವು ಹತ್ತಿರವಾಯಿತೆಂದು ಮೇಡಂ ಸಭೆಗೆ ಕಾಯದೆ ಕಳಿಸಿದ ಫಿಲ್ಟರು ಜೋಡಿಸುವವರೂ ಬಂದರಂತೆ, ದಪ್ಪಕ್ಕ ಹಾಡು ಹೇಳುತ್ತಿದ್ದಾಳಂತೆ. ನಾನಿರುವಾಗ ಆ ಹೆಂಗಸು ಕೆಮ್ಮಿದ್ದು ಬಿಟ್ಟರೆ ಬೇರೆ ರಾಗ ತೆಗೆದದ್ದಿಲ್ಲ.

ನಾನಿಲ್ಲದೆ ಒಂದು ಬಾಟಲಿಯಾದರೂ ಒಡೆಯಬಾರದಿತ್ತೇ?

ಇಲ್ಲಿ ಬಂದು ಸಾಧಿಸಿದ್ದು ಇಷ್ಟು. ಅಲ್ಲಿದ್ದಾಗ ಇಲ್ಲಿರುವ ನಿನ್ನ ಮೇಲೆ ಉರಿ, ಇಲ್ಲಿದ್ದಾಗ ಅಲ್ಲಿರುವ ನಿನ್ನ ಮೇಲೆ ಉರಿ. ಜಾಗ ಬದಲಾಯಿಸಿದರೆ ಹೋಗುವ ರೋಗ ಇದಲ್ಲ.

ಅಕ್ಕ


ಜೂನ್ ೯

ಅಕ್ಕನಿಗೆ,

ಫಿಲ್ಟರು ಜೋಡಿಸಿ ಆಯಿತು. ಮೊದಲ ದಿನ ಸೋರಿತು, ಈಗ ಸರಿಯಾಗಿದೆ. ಸೋಸಿದ ನೀರನ್ನು ಕೆಳಗಿನ ಬೀದಿಯ ಅಜ್ಜಿಯೊಬ್ಬಳು ತಾನೇ ಬಂದು ಬಕೆಟಿನಲ್ಲಿ ಹಿಡಿದುಕೊಂಡು ಹೋಗಿ, ಮೊದಲು ಒಂದೇ ಒಂದು ಗಿಡಕ್ಕೆ ಹಾಕಿ ನೋಡಿದಳು. ಗಿಡ ಬದುಕಿದೆ. ಇಂಜಿನಿಯರು ನೀರಿನ ಪರೀಕ್ಷೆ ಮಾಡಿಸಿ, ಶೆಡ್ಡು ನಡೆಸಲು ಒಪ್ಪಿಗೆ ಕೊಟ್ಟರು.

ಶೆಡ್ಡಿನ ಗೋಡೆಯ ಮೇಲಿದ್ದ ನನ್ನ ಪೋಸ್ಟರನ್ನು ತೆಗೆದು ಸೋಡಾ ಮೂಟೆಗಳ ಮೇಲೆ ಹೊದಿಸಿದ್ದೇನೆ. ಒಳ್ಳೆಯ ದಪ್ಪ ಶೀಟು, ಥಂಡಿ ತಗಲುವುದಿಲ್ಲ.

ಹೆಂಗಸರು ನನ್ನನ್ನು 'ಅಕ್ಕ' ಎಂದು ಕರೆಯಲು ಶುರುಮಾಡಿದ್ದಾರೆ. ನಾನು ಹೇಳಿಕೊಟ್ಟದ್ದಲ್ಲ.

ನಿನ್ನ ತಂಗಿ


ಜೂನ್ ೧೯

ಪಿಟೀಲೂ,

ಸ್ವಂತ ಹೆಸರು ಬಿಟ್ಟು 'ನಿನ್ನ ತಂಗಿ' ಎಂದು ಸಹಿ ಮಾಡಿದ್ದೀಯಲ್ಲ, ಅದು ಸರಿಯಾಗಿಯೇ ಚುಚ್ಚಿತು. ಇರಲಿ. ಸಭೆ ಮುಗಿಯಿತು. ಹೇಗೆ ಮುಗಿಯಿತು ಎಂದು ನಿನಗೇ ಮೊದಲು ಹೇಳಬೇಕು.

ಸಭಾಂಗಣ ನಮ್ಮ ಕಸದ ಬಯಲಿನಷ್ಟು ದೊಡ್ಡದು. ಎಲ್ಲರ ಕಿವಿಗೂ ಒಂದೊಂದು ಯಂತ್ರ, ಯಾರು ಯಾವ ಭಾಷೆಯಲ್ಲಿ ಮಾತಾಡಿದರೂ ಅದರಲ್ಲಿ ತಮ್ಮ ತಮ್ಮ ಭಾಷೆ ಕೇಳಿಸುತ್ತದಂತೆ. ನನ್ನದರಲ್ಲಿ ಬರೀ ಗುಯ್ ಎನ್ನುತ್ತಿತ್ತು. ಹಳೆಯ ಬಟ್ಟೆ ಉಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದೆ. ಒಬ್ಬ ದೊಡ್ಡ ಮನುಷ್ಯರು ಮಾತಾಡಿದರು, ಅವರಾದ ಮೇಲೆ ಇನ್ನೂ ದೊಡ್ಡವರು. ಅವರು ಬಡತನದ ಬಗ್ಗೆ ಎಷ್ಟು ಹೊತ್ತು ಮಾತಾಡಿದರೆಂದರೆ, ನನ್ನ ಪಾಲಿನ ಹೊತ್ತೂ ಅದರಲ್ಲೇ ಕರಗಿಹೋಯಿತು. ಮೇಡಂ ಬಗ್ಗಿ ಬಗ್ಗಿ ನಡೆದು ಬಂದು ಕಿವಿಯಲ್ಲಿ, "ಸಮಯ ಇಲ್ವಂತೆ. ಫಿಲ್ಮ್ ಒಂದನ್ನೇ ಹಾಕ್ತಾರಂತೆ. ಅದನ್ನ ಮೊದಲೇ ಸಭೆಯವರಿಗೆ ಕಳಿಸ್ಬಿಟ್ಟಿದ್ವಿ, ಬದಲಾಯ್ಸೋಕೆ ಆಗ್ಲಿಲ್ಲ. ಕ್ಷಮಿಸಿ" ಅಂದರು. ಅವರ ಮುಖ ನೋಡಿ ನನಗೇ ಪಾಪ ಅನ್ನಿಸಿತು.

ದೀಪ ಆರಿತು. ನೀನು ಬಂದೆ. ಮನೆಯಷ್ಟು ದೊಡ್ಡದಾಗಿ.

ಕಿತ್ತುಕೊಂಡು ಆರಿಸಲು ಅಲ್ಲಿ ಫೋನು ಇರಲಿಲ್ಲ. ಕೂತು ಕೇಳಲೇಬೇಕಾಯಿತು. ರಸ್ತೆ ಅಗೆದದ್ದನ್ನು ನೀನು ಹೇಳಿದೆ. ಹೊತ್ತದ್ದು ಹೇಳಿದೆ. ಅಮ್ಮನ ಕೂದಲು ಕತ್ತಿಗೆ ತಾಗುತ್ತಿತ್ತು ಅಂದೆ. ತಾಗುತ್ತಿತ್ತು ಕಣೇ, ನಾನು ಯಾರಿಗೂ ಹೇಳಿಲ್ಲ, ನಿನಗೆ ಹೇಗೆ ಗೊತ್ತಾಯಿತೋ. ಆಮೇಲೆ ಅಂದೆ: "ಬಯಲಿನ ಮಧ್ಯದಲ್ಲಿ ಅಮ್ಮ ನನ್ನ ಕಿವಿ ಹತ್ರ ಬಾಯಿ ತಂದು, ಇಳಿಸು ಮಗಳೇ, ನಿಂಗೆ ಭಾರ ಆಗತ್ತೆ ಅಂದ್ಲು."

ಅಮ್ಮ ಹಾಗೆ ಅನ್ನಲಿಲ್ಲ. ಏನೂ ಅನ್ನಲಿಲ್ಲ. ಮನೆ ಬಿಟ್ಟಾಗಿನಿಂದ ದಾರಿಯುದ್ದಕ್ಕೂ ಮಾತಾಡಿದವಳು ನಾನು. ಮಾತು ನಿಲ್ಲಿಸಿದರೆ ಅಮ್ಮ ನಿದ್ದೆಹೋಗಿಬಿಡುತ್ತಾಳೆ ಎಂದು ಬಾಯಿಗೆ ಬಂದದ್ದೆಲ್ಲ ಹೇಳುತ್ತಲೇ ನಡೆದೆ. ಒಮ್ಮೆಯಾದರೂ 'ಹೂಂ' ಅನ್ನಬಹುದಿತ್ತು. ಅನ್ನಲಿಲ್ಲ. ನನಗಾದ ಭಾರ ಅವಳಿಗೆ ತಿಳಿಯಿತೋ ಇಲ್ಲವೋ, ಹೊತ್ತವಳು ನಾನು ಎಂದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಸುಳ್ಳೆಂದು ನನ್ನಷ್ಟು ಚೆನ್ನಾಗಿ ಆ ಸಭೆಯಲ್ಲಿ ಇನ್ಯಾರಿಗೂ ತಿಳಿದಿರಲಿಲ್ಲ. ಆದರೂ ಹೊಟ್ಟೆ ಧಗಧಗ ಉರಿಯಿತು. ಹೊತ್ತದ್ದು ನಾನು, ಅಮ್ಮನ ಮಾತು ಸಿಕ್ಕಿದ್ದು ನಿನಗೆ. ಹಾಗೆ ಉರಿಯುತ್ತಲೇ ಅತ್ತೆ. ಪಕ್ಕದಲ್ಲಿದ್ದ ಬೇರೆ ದೇಶದ ಹೆಂಗಸೂ ಅಳುತ್ತಿದ್ದಳು. ಪರದೆ ತೋರಿಸಿ, ಯಾರು ಎಂದು ಸನ್ನೆಯಲ್ಲಿ ಕೇಳಿದಳು. ನನ್ನ ಎದೆ ಮುಟ್ಟಿಕೊಂಡೆ. ಆಮೇಲೆ ಕೈಯನ್ನು ನೆಲದಿಂದ ಇಷ್ಟೆತ್ತರದಲ್ಲಿ ಹಿಡಿದು ತೋರಿಸಿದೆ. ಆ ದಿನ ನೀನು ಇದ್ದಷ್ಟು ಎತ್ತರ.

ಇಷ್ಟೆತ್ತರದವಳನ್ನು ಒಬ್ಬಳೇ ಬಿಟ್ಟುಹೋಗಿದ್ದೆ. ಅದು ನನಗೆ ಅಲ್ಲಿ, ಆ ಕೈ ಹಿಡಿದು ತೋರಿಸುವಾಗಲೇ ಕಂಡದ್ದು.

ನೀನು ಬಾಗಿಲು ತೆಗೆಯದ ಆ ಸಂಜೆ, ನೀನು ನಿದ್ದೆಹೋಗಿದ್ದೀಯ ಎಂದು ನಾನೂ ನಂಬಿರಲಿಲ್ಲ. ಒಳಗೆ ನಿನ್ನ ಮೂಗು ಸೊರಸೊರ ಅನ್ನುವುದು ಕೇಳುತ್ತಿತ್ತು. ಎರಡನೆಯ ಸಲ ಕೂಗಲಿಲ್ಲ. ತೆಗೆದಿದ್ದರೆ ಹೇಳಬೇಕಾಗುತ್ತಿತ್ತಲ್ಲ. ಹೊರಗೇ ಕುಳಿತುಬಿಟ್ಟೆ.

ಮೇಡಂ ಇನ್ನೂ ಒಂದು ತಿಂಗಳು ಇರಿ, ಬೇರೆ ಸಭೆಗಳಿವೆ ಅನ್ನುತ್ತಿದ್ದಾರೆ. ಬೇಡ ಅಂದೆ. ಮುಂದಿನ ವಾರದ ಕೊನೆಗೆ ಹೊರಡುತ್ತೇನೆ. ಅಕ್ಕ ಅನ್ನುವ ಹೆಸರು ಅಷ್ಟರೊಳಗೆ ಖಾಲಿ ಮಾಡಿಡು. ಅದು ನನ್ನದು.

ಅಕ್ಕ


ಜೂನ್ ೨೫

ಅಕ್ಕಾ,

ಇದು ನೀನು ಹೊರಡುವ ಮೊದಲು ತಲುಪಲಿ ಎಂದು ಭಾವ ತಾವೇ ಅಂಚೆ ಕಚೇರಿಗೆ ಒಯ್ಯುತ್ತಿದ್ದಾರೆ.

ಫಿಲ್ಟರು ಜೋಡಿಸಿದವರು ಮೊನ್ನೆ ಮತ್ತೆ ಬಂದಿದ್ದರು. ಬೇರೆ ಊರಿನಲ್ಲಿ ಇಂಥದೇ ಶೆಡ್ಡು ಶುರುಮಾಡುತ್ತಾರಂತೆ, ಅಲ್ಲಿನ ಹೆಂಗಸರು ನಮ್ಮಲ್ಲಿಗೆ ಕಲಿಯಲು ಬರುತ್ತಾರಂತೆ. "ಇದನ್ನ ಶುರುಮಾಡಿದ್ದು ಯಾರು?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ದಪ್ಪಕ್ಕ, "ಇವಳ ಅಕ್ಕ. ಬರ್ತಾಳೆ ಇರಿ, ಬಂದ್ಮೇಲೆ ಇವಳ ಆಟ ನಡೆಯಲ್ಲ" ಅಂದಳು. ಇಷ್ಟು ದಿನ ನನ್ನನ್ನು ಅಕ್ಕ ಎಂದು ಕರೆದ ಬಾಯಿ ಅದು. ಸಂಜೆಯವರೆಗೆ ಅವಳ ಜೊತೆ ಮಾತಾಡಲಿಲ್ಲ.

ಅಮ್ಮನ ಬಾಯಲ್ಲಿ ನಾನು ಆ ಮಾತು ಇಟ್ಟದ್ದು ಯಾಕೆಂದು ನೀನು ಕೇಳಲಿಲ್ಲ. ಆದರೂ ಹೇಳುತ್ತೇನೆ. ಅಮ್ಮ ನಿನ್ನ ಹತ್ತಿರ ಏನೋ ಹೇಳಿದ್ದಾಳೆ, ನೀನು ನನ್ನಿಂದ ಮುಚ್ಚಿಟ್ಟಿದ್ದೀಯ ಎಂದು ಇಷ್ಟು ವರ್ಷವೂ ಅಂದುಕೊಂಡಿದ್ದೆ. ಕೇಳಲು ಹೆದರಿಕೆಯಾಗಿ ನಾನೇ ಒಂದು ಮಾತು ಮಾಡಿಕೊಂಡೆ. ಏನೂ ಹೇಳಲಿಲ್ಲ ಎಂದು ತಿಳಿದ ಮೇಲೆ ನೀನು ಪಟ್ಟ ಕಷ್ಟ ನೆನೆದು ಅಳು ಬಂತು. ಸ್ವಲ್ಪ ಸಮಾಧಾನವೂ ಆಯಿತು. ಕೆಟ್ಟವಳು ನಾನೂ.

ಆದರೆ ದಾರಿಯುದ್ದಕ್ಕೂ ನೀನು ಮಾತಾಡಿದೆ ಅಂದೆಯಲ್ಲ. ಏನು ಮಾತಾಡಿದೆ? ಅಮ್ಮನಿಗೆ ಏನೇನು ಹೇಳಿದೆ? ಅದರಲ್ಲಿ ನನ್ನ ಸುದ್ದಿ ಬಂತಾ?

ಬಸ್ಸಿಳಿದವಳೇ ಶೆಡ್ಡಿನ ಕಡೆ ತಿರುಗಬೇಡ. ದಪ್ಪಕ್ಕ ಹಿಡಿದು ಕೂರಿಸಿಕೊಂಡು ಎಲ್ಲ ಬಾಯಿ ಬಿಡಿಸುತ್ತಾಳೆ. ಭಾವ ಲಾರಿ ತಂದರೆ ದಾರಿಯಲ್ಲಿ ಅವರಿಗೂ ಹೇಳಬೇಡ. ಮೇಡಂಗೆ ಈಗಾಗಲೇ ಹೇಳಿದ್ದರೆ, ಹೇಳಿದ್ದೀಯ ಎಂದು ನನಗೆ ಗೊತ್ತಾಗದ ಹಾಗೆ ನೋಡಿಕೋ. ಮನೆಗೆ ಬಾ. ಬಂದು ನನಗೆ ಹೇಳು, ನನಗೊಬ್ಬಳಿಗೇ.

ನಿನ್ನ ಪಿಟೀಲು